ಲೇಔಟ್ ಜಮೀನಿಗೆ ಭೂಸ್ವಾಧೀನದ ನೋಟಿಸ್ ಬಂತಾ? ಆಕ್ಷೇಪಣೆ ಹೀಗೆ ಬರೆಯಿರಿ

ಲೇಔಟ್ ಮಾಡೋಣ ಅಂತ ಕೊಂಡ ಜಮೀನು ಪ್ರಾಥಮಿಕ ಅಧಿಸೂಚನೆಯಲ್ಲಿ, ಅಂದರೆ ಈ ಜಮೀನು ಬೇಕು ಅಂತ ಸರ್ಕಾರ ಹೊರಡಿಸುವ ಮೊದಲ ಪ್ರಕಟಣೆಯಲ್ಲಿ, ಬಂದರೆ ಜನ ಮೊದಲು ಓಡುವುದು ಪ್ರಭಾವಿಗಳ ಮನೆಗೆ. ಅಲ್ಲಿ ಇಲ್ಲಿ ಅಲೆಯುವಷ್ಟರಲ್ಲಿ ಆಕ್ಷೇಪಣೆ ಸಲ್ಲಿಸುವ ಗಡುವು ಮುಗಿದಿರುತ್ತದೆ. ಇದನ್ನು ನೋಡಿ ನೋಡಿ ಸಂಕಟವಾಗಿ ಬರೆಯುತ್ತಿದ್ದೇನೆ.

ಮೊದಲು ಯಾವ ಕಾಯ್ದೆ ಅಂತ ನೋಡಿ. 2013ರ ಭೂಸ್ವಾಧೀನ ಕಾಯ್ದೆಯಾದರೆ ಅಧಿಸೂಚನೆ ಪ್ರಕಟವಾದ ದಿನದಿಂದ 60 ದಿನ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಅಥವಾ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆಯಾದರೆ ನೋಟಿಸ್ ಕೈಗೆ ಬಂದ ಮೇಲೆ 30 ದಿನ ಮಾತ್ರ.

ಆಮೇಲೆ ಪಹಣಿ, ಕ್ರಯಪತ್ರ, ಸರ್ವೆ ಸ್ಕೆಚ್ ತೆಗೆದಿಡಿ.

ಈಗ ಆಕ್ಷೇಪಣೆ ಅರ್ಜಿ ಬರೆಯುವ ಕೆಲಸ. ಜಾಸ್ತಿ ಜನ ಎಡವುವುದು ಇಲ್ಲೇ. 'ಕೋಟಿಗಟ್ಟಲೆ ಸುರಿದಿದ್ದೇವೆ, ಅನ್ಯಾಯವಾಗಿದೆ' ಅಂತ ನಾಲ್ಕು ಪುಟ ಬರೆದರೆ ಅಧಿಕಾರಿಗೆ ಪರಿಶೀಲಿಸಲು ಏನೂ ಸಿಗುವುದಿಲ್ಲ. 2013ರ ಕಾಯ್ದೆಯ 15ನೇ ಕಲಂ ಹೇಳುವುದು ಮೂರು ವಿಷಯ: ಜಮೀನಿನ ವಿಸ್ತೀರ್ಣ ಮತ್ತು ಅದು ಆ ಕೆಲಸಕ್ಕೆ ತಕ್ಕದ್ದೇ ಅನ್ನುವುದು, ಸಾರ್ವಜನಿಕ ಉದ್ದೇಶಕ್ಕೆ ಕೊಟ್ಟ ಕಾರಣ, ಸಾಮಾಜಿಕ ಪರಿಣಾಮದ ವರದಿ. ನಿಮ್ಮ ಪ್ರತಿ ಮಾತೂ ಇವುಗಳಲ್ಲಿ ಒಂದಕ್ಕೆ ತಗುಲಬೇಕು. ಒಂದೊಂದು ಸರ್ವೆ ನಂಬರಿಗೂ ಬೇರೆ ಪ್ಯಾರಾ ಬರೆಯಿರಿ, ಎಕರೆ ಗುಂಟೆ ಪಹಣಿಯಲ್ಲಿ ಇರುವ ಹಾಗೇ ಇರಲಿ. ಮಾಸ್ಟರ್ ಪ್ಲಾನಿನಲ್ಲಿ ಆ ಜಾಗ ವಸತಿ ವಲಯ ಅಂತಿದ್ದರೆ ನಕ್ಷೆಯ ದೃಢೀಕೃತ ಪ್ರತಿ ಲಗತ್ತಿಸಿ. ಡಿಸಿ ಕನ್ವರ್ಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಜಿಲ್ಲಾಧಿಕಾರಿಯ ಆದೇಶ) ಆಗಿದ್ದರೆ, ಅಥವಾ ನಗರ ಯೋಜನಾ ಕಾಯ್ದೆಯ 14ಎ ಅಡಿ ಭೂಬಳಕೆ ಬದಲಾಗಿದ್ದರೆ, ಆದೇಶದ ಸಂಖ್ಯೆ ಮತ್ತು ದಿನಾಂಕ ಹಾಕಿ. ಆ ದಿನಾಂಕ ಅಧಿಸೂಚನೆಗಿಂತ ಮುಂಚಿನದು ಅನ್ನುವುದು ಎದ್ದು ಕಾಣಬೇಕು. ಕನ್ವರ್ಷನ್ ಆಯ್ತಲ್ಲ, ಇನ್ನು ಯಾರೂ ಮುಟ್ಟಲ್ಲ ಅಂತ ನಂಬಬೇಡಿ, ಕನ್ವರ್ಷನ್ ಆದ ಜಮೀನನ್ನೂ ಸ್ವಾಧೀನ ಮಾಡಬಹುದು. ಆದರೆ ಸರ್ಕಾರದ ಒಂದು ಕಚೇರಿ ಮನೆ ಕಟ್ಟಿ ಅಂತ ಒಪ್ಪಿದ ಜಾಗವನ್ನು ಇನ್ನೊಂದು ಕಚೇರಿ ಯಾಕೆ ಕೇಳುತ್ತಿದೆ ಅನ್ನುವ ಪ್ರಶ್ನೆ ಲಿಖಿತವಾಗಿ ದಾಖಲಾಗಲೇಬೇಕು. ಮುಂದೆ ಹೈಕೋರ್ಟಿಗೆ ಹೋದರೂ ಇದೇ ಕಾಗದ ಕೆಲಸಕ್ಕೆ ಬರುವುದು. ಪಕ್ಕದಲ್ಲಿ ಸರ್ಕಾರಿ ಖಾಲಿ ಜಮೀನಿದ್ದರೆ ಅದರ ಸರ್ವೆ ನಂಬರನ್ನೂ ಬರೆಯಿರಿ.

ಟೈಪಿಂಗ್ ಅಂಗಡಿಯ ರೆಡಿಮೇಡ್ ಅರ್ಜಿ ಬೇಡವೇ ಬೇಡ, ಅದರಲ್ಲಿ ಬೇರೆ ಯಾರದ್ದೋ ಸರ್ವೆ ನಂಬರ್ ಹಾಗೇ ಉಳಿದಿರುತ್ತದೆ. ಡಿನೋಟಿಫೈ ಮಾಡಿಸಿಕೊಡ್ತೀನಿ, ಅಂದರೆ ಜಮೀನನ್ನು ಅಧಿಸೂಚನೆಯಿಂದ ಕೈಬಿಡಿಸ್ತೀನಿ ಅನ್ನುವ ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಅರ್ಜಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಖುದ್ದು ವಿಚಾರಣೆ ಬೇಕು ಅಂತ ಅದರಲ್ಲೇ ಕೇಳಿರಿ, ಕರೆದ ದಿನ ತಪ್ಪದೇ ಹೋಗಿ.

ಈ ನಡುವೆ ಸೈಟು ಮಾರಲು ಹೋಗಬೇಡಿ. 2013ರ ಕಾಯ್ದೆಯಲ್ಲಿ ಪ್ರಾಥಮಿಕ ಅಧಿಸೂಚನೆಯ ನಂತರ ಆ ಜಮೀನಿನ ವಹಿವಾಟಿಗೆ ತಡೆ ಇದೆ, ಪಾಪ, ಕೊಂಡವರು ಸುಮ್ನೆ ಸಿಕ್ಕಿಕೊಳ್ಳುತ್ತಾರೆ.

ಕೊನೆಗೂ ಜಮೀನು ಹೋಗಿ, ಪರಿಹಾರದ ಮೊತ್ತ ಕಡಿಮೆ ಅನಿಸಿದರೆ, ಹಣ ಪಡೆಯುವಾಗಲೇ 'ಪ್ರತಿಭಟನೆಯೊಂದಿಗೆ ಸ್ವೀಕರಿಸಿದ್ದೇನೆ' ಅಂತ ಬರೆದು ಸಹಿ ಮಾಡಿ. ಹಾಗೆ ಬರೆಯದೆ ಹಣ ತೆಗೆದುಕೊಂಡರೆ 64ನೇ ಕಲಂ ಅಡಿ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಹೋಗುತ್ತದೆ. ಐತೀರ್ಪು (ಪರಿಹಾರ ಇಷ್ಟು ಅಂತ ಅಧಿಕಾರಿ ಕೊಡುವ ಆದೇಶ) ಹೇಳುವಾಗ ನೀವು ಎದುರಿಗಿದ್ದರೆ, ಹೆಚ್ಚಿನ ಪರಿಹಾರ ಕೇಳುವ ಆ ಅರ್ಜಿಗೆ ಇರುವುದು 6 ವಾರ.