ಬಾಡಿ ಎತ್ತದೆ ನೆಲ ಬದಲಿಸಿದೆ: 1971ರ ಏರ್‌ಸ್ಟ್ರೀಮ್ ಜೊತೆ ನನ್ನ ಮೂರು ವರ್ಷ

ನೆಲ ಬದಲಿಸಿ ಎರಡು ಚಳಿಗಾಲ ಕಳೆದವು. ಗಾಡಿ, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ನಮ್ಮ ಅಲ್ಯೂಮಿನಿಯಂ ಮನೆಗಾಡಿ, ಹೆಚ್ಚುಕಮ್ಮಿ 9,000 ಮೈಲಿ ಓಡಿದೆ. ನೆಲ ಕೂದಲಿನಷ್ಟೂ ಅಲುಗಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ "ನೋಡೋಣ, ಒಂದು ಹಿಮ ಬೀಳಲಿ" ಅನ್ನುವವರು ಬೇಕಾದಷ್ಟು ಜನ ಇದ್ದರು.

ಗಾಡಿ 1971ರ ಓವರ್‌ಲ್ಯಾಂಡರ್. 27 ಅಡಿ, ಎರಡು ಆಕ್ಸಲ್. ನಾನಿರುವುದು ಒಹಾಯೊದ ಕೊಲಂಬಸ್ ಹತ್ತಿರ. ಇದು ಸಿಕ್ಕಿದ್ದು ಇಂಡಿಯಾನಾದ ಒಂದು ಗೋವಿನಜೋಳದ ಹೊಲದ ಅಂಚಿನಲ್ಲಿ. 4,800 ಡಾಲರ್ ಕೊಟ್ಟೆ. ಹೊರಗಿನ ತಗಡು ಚೆನ್ನಾಗಿತ್ತು, ಡೆಂಟ್ ಎರಡೇ. ಹಿಂದಿನ ಬಂಪರ್ ಮೇಲೆ ನಿಂತು ಕುಣಿದು ನೋಡಿದೆ. ಬಂಪರ್ ಕೆಳಗೆ ಹೋಯಿತು, ಬಾಡಿ ಇದ್ದಲ್ಲೇ ಇತ್ತು. ನಡುವೆ ನನ್ನ ಹೆಬ್ಬೆರಳು ಹೋಗುವಷ್ಟು ಸಂದು. ಆ ಕಾಲದ ಗಾಡಿ ಬಿಚ್ಚಿದವರಿಗೆ ಇದರ ಅರ್ಥ ಗೊತ್ತು: ಹಿಂದಿನ ನೆಲ ಕೊಳೆತು, ಬಾಡಿಗೂ ಚಾಸಿಸ್‌ಗೂ ಹಿಡಿತ ತಪ್ಪಿದೆ. ಬಂಪರ್ ಡಬ್ಬದ ಕಡೆಯಿಂದ ನೀರು ನುಗ್ಗಿ, ಪ್ಲೈವುಡ್ ಕುಡಿದು ಕುಡಿದು ಹಿಂದಿನ ನಾಲ್ಕು ಅಡಿ ರೊಟ್ಟಿ ಚೂರಿನ ಹಾಗೆ ಪುಡಿಯಾಗಿತ್ತು.

ಒಳಗಿನ ತಗಡು ಬಿಚ್ಚಿದಾಗ ಪೂರ್ತಿ ಲೆಕ್ಕ ಗೊತ್ತಾಯಿತು. ಗ್ಲಾಸ್ ವೂಲ್ ತುಂಬ ಇಲಿ ಗೂಡು. ಹದಿಮೂರೋ ಹದಿನಾಲ್ಕೋ ದೊಡ್ಡ ಕಸದ ಚೀಲ ತುಂಬಿದೆ. ನೆಲದಲ್ಲಿ ಹಿಂದೆ, ಬಾಗಿಲ ಹತ್ತಿರ, ಮುಂದಿನ ಕಿಟಕಿಯ ಕೆಳಗೆ ಮೂರು ಕಡೆ ಕೊಳೆತಿತ್ತು. ನಡುವಿನದು ಪರವಾಗಿಲ್ಲ ಅನಿಸಿದರೂ ಆ ವಾಸನೆ ಇಟ್ಟುಕೊಂಡು ಮಕ್ಕಳನ್ನು ಮಲಗಿಸೋದು ಹೇಗೆ? ಪೂರ್ತಿ ನೆಲ ತೆಗೆಯೋದೇ ಅಂತ ತೀರ್ಮಾನ ಮಾಡಿದೆ.

ಕೇಳಿದವರೆಲ್ಲ ಒಂದೇ ಮಾತು ಹೇಳಿದರು. ನೆಲದ ಅಂಚು ಬಾಡಿಯ ಕೆಳಗೆ ಸಿಕ್ಕಿಕೊಂಡಿರುತ್ತದೆ, ಪೂರ್ತಿ ನೆಲ ಅಂದರೆ ಬಾಡಿಯನ್ನು ಚಾಸಿಸ್‌ನಿಂದ ಎತ್ತಲೇಬೇಕು, ಎತ್ತದೆ ಮಾಡಿದ್ದು ತೇಪೆ ಕೆಲಸ ಅಂತ. ಒಂದು ವರ್ಕ್‌ಶಾಪ್‌ನವರು ಬಾಡಿ ಎತ್ತಿ, ನೆಲ ಹಾಕಿ, ಇಳಿಸಿ ಕೊಡೋದಕ್ಕೇ 11,000 ಡಾಲರ್ ಕೇಳಿದರು. ನನ್ನ ಗರಾಜ್ ಮುಂದಿನ ಜಾಗದಲ್ಲಿ ಎತ್ತಿ ಪಕ್ಕಕ್ಕಿಡುವಷ್ಟು ಅಗಲವೂ ಇಲ್ಲ, ಎತ್ತರದ ಸೂರೂ ಇಲ್ಲ. ಹಾಗಾಗಿ ಎತ್ತದೆ ಮಾಡುವ ದಾರಿ ಹಿಡಿದೆ.

ಮೊದಲ ಸಲ ಸೋತೆ. ಹಿಂದಿನ ಭಾಗದ ಹೊಸ ಹಲಗೆಯನ್ನು ಉದ್ದುದ್ದ ಎರಡು ಸೀಳು ಮಾಡಿ, ಒಂದೊಂದೇ ಪಕ್ಕದಿಂದ ಚಾನೆಲ್ (ಬಾಡಿಯ ಬುಡದ ಸುತ್ತ ಇರುವ ಅಲ್ಯೂಮಿನಿಯಂ ಪಟ್ಟಿ) ಕೆಳಗೆ ತೂರಿಸಲು ಹೋದೆ. ಎಡಗಡೆಯದು ಹೋಯಿತು. ಬಲಗಡೆಯದು ಹೋಗಬೇಕಾದರೆ ನಡುವೆ ಒಂದಿಂಚಿಗಿಂತ ಜಾಸ್ತಿ ಕತ್ತರಿಸಬೇಕಾಯಿತು. ಆ ಸಂದಿಗೆ ಪಟ್ಟಿ ಇಟ್ಟು ಅಂಟಿಸಿದೆ. ನಡೆದರೆ ಡಬ್ ಡಬ್ ಅನ್ನುತ್ತಿತ್ತು. ಕ್ರಾಸ್ ಮೆಂಬರ್‌ಗಳ (ಚಾಸಿಸ್‌ನ ಅಡ್ಡ ಕಬ್ಬಿಣಗಳು) ನಡುವೆ ಎರಡು ಹಲಗೆ ಸೇರುವ ಕಡೆಗೆ ಆಸರೆಯೇ ಇರಲಿಲ್ಲ. ಎರಡು ಮರೀನ್ ಪ್ಲೈವುಡ್ ಶೀಟು, 200 ಡಾಲರ್ ಮೇಲೆ, ಮಣ್ಣುಪಾಲು.

ಎರಡನೇ ಸಲ ಇನ್ನೂ ದೊಡ್ಡ ತಪ್ಪು. ಜಾಗ ಸಾಲುತ್ತಿಲ್ಲ ಅಂತ ಬಲಗಡೆ ಬಾಡಿಯನ್ನು ಜಾಕ್ ಕೊಟ್ಟು ಎರಡಿಂಚು ಎತ್ತಿದೆ. ಎಡಗಡೆ ಬಾಡಿಯನ್ನು ಚಾಸಿಸ್‌ಗೆ ಹಿಡಿದಿಡುವ ಬೋಲ್ಟ್ ಬಿಚ್ಚಿರಲಿಲ್ಲ. ಟಣ್ ಅಂತ ಶಬ್ದ ಬಂತು. ಹಿಂದಿನ ಮೂಲೆಯ ಅಲ್ಯೂಮಿನಿಯಂ ಶೀಟು ಬಟ್ಟೆ ಮಡಿಸಿದ ಹಾಗೆ ಮಡಿಕೆ ಬಿತ್ತು. ಬಾಗಿಲಿನ ಚೌಕಟ್ಟೂ ಸೊಟ್ಟಗಾಯಿತು. ಶೀಟು ಬದಲಿಸಲು ಎರಡು ವಾರ ಹಿಡಿಯಿತು, ದುಡ್ಡು ನಾನೂರು ಚಿಲ್ಲರೆ. ಬಾಗಿಲನ್ನು ಸರಿಮಾಡಲು ಒಂದು ತಿಂಗಳು. ಆ ಚಳಿಗಾಲ ಗಾಡಿಗೆ ಟಾರ್ಪಾಲಿನ್ ಹೊದಿಸಿ ಸುಮ್ಮನೆ ಕೂತೆ. ಬಾಡಿ ಎತ್ತಬೇಕು ಅಂದಿದ್ದ ಗೆಳೆಯರೊಬ್ಬರು ಬಂದು ನೋಡಿ, ಏನೂ ಹೇಳದೆ ಕಾಫಿ ಕುಡಿದು ಹೋದರು. ಅದೇ ಜಾಸ್ತಿ ನೋವಾಯಿತು.

ದಾರಿ ಸಿಕ್ಕಿದ್ದು ಹುಬ್ಬಳ್ಳಿಯಿಂದ. ನಮ್ಮ ಚಿಕ್ಕಪ್ಪ ಮೂವತ್ತು ವರ್ಷ ಬಸ್ ಬಾಡಿ ಕಟ್ಟುವ ಶೆಡ್ಡಿನಲ್ಲಿ ಕೆಲಸ ಮಾಡಿದವರು. ಅಲ್ಯೂಮಿನಿಯಂ ಶೀಟು, ರಿವೆಟ್ಟು, ಪ್ಲೈವುಡ್ ನೆಲ, ಅವರಿಗೆ ಇದೆಲ್ಲ ದಿನದ ಊಟ. ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಒಂದು ನಿಮಿಷ ನೋಡಿ ಅಂದರು: "ಅಷ್ಟ್ಯಾಕ ತಲಿ ಕೆಡಿಸ್ಕೊಂತಿಯೋ? ಗುಡಸಲಾ ನಿಲ್ಲಿಸಿದಂಗ ಎರಡೂ ಹಲಗಿ ನಿಲ್ಲಸು. ಆಮ್ಯಾಲ ನಡುವ ಹತ್ತಿ ತುಳಿ."

ಇಷ್ಟೇ. ಎರಡು ಅರ್ಧ ಹಲಗೆಗಳ ಹೊರ ಅಂಚನ್ನು ಎರಡೂ ಕಡೆ ಚಾನೆಲ್ ಬಾಯಿಗೆ ಕೊಡಬೇಕು. ನಡುವಿನ ಅಂಚುಗಳು ಒಂದಕ್ಕೊಂದು ಒರಗಿ ಗುಡಿಸಲಿನ ಹಾಗೆ ಎಂಟು ಹತ್ತು ಇಂಚು ಮೇಲೆ ನಿಲ್ಲುತ್ತವೆ. ಮೇಲೆ ನಿಂತು ತುಳಿದರೆ ನಡು ಕೆಳಗಿಳಿಯುತ್ತದೆ, ಇಳಿದಷ್ಟೂ ಹೊರ ಅಂಚುಗಳು ಚಾನೆಲ್ ಕೆಳಗೆ ಜಾರುತ್ತವೆ. ಪೂರ್ತಿ ಚಪ್ಪಟೆಯಾದಾಗ ಎರಡೂ ಕಡೆ ಬಾಡಿಯ ಕೆಳಗೆ ಒಂದಿಂಚಿಗಿಂತ ಜಾಸ್ತಿ ಒಳಗಿರುತ್ತದೆ. ನಡುವೆ ಕತ್ತರಿಸಿ ಕಳೆಯುವುದು ಏನೂ ಇಲ್ಲ.

ಆದರೆ ಮಾತು ಕೇಳಿದ ತಕ್ಷಣ ಕೆಲಸ ಆಗಲಿಲ್ಲ. ನಾನು ಸೇರಿಸಿದ್ದನ್ನು ಹೇಳುತ್ತೇನೆ. ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡಡ್ಡ ಮರದ ತುಂಡು ಕಟ್ಟಿ ಬಿಗಿ ಮಾಡಿದೆ. ಬಾಡಿಯಲ್ಲಿ ಅತೀ ಸಡಿಲ ಜಾಗ ಅದೇ. ಆಮೇಲೆ ಒಂದು ಸಲಕ್ಕೆ ಒಂದೇ ಶೀಟಿನ ನೆಲ ತೆಗೆದೆ, ಅಂದರೆ ನಾಲ್ಕು ಅಡಿ. ಅಕ್ಕಪಕ್ಕದ ಹಳೇ ನೆಲ ಬಾಡಿಯನ್ನು ಹಿಡಿದುಕೊಂಡಿರುತ್ತದೆ. ಬೋಲ್ಟ್‌ಗಳನ್ನು ಎರಡೂ ಕಡೆ ಒಟ್ಟಿಗೆ ಬಿಚ್ಚಿದೆ, ಅಕ್ಕಪಕ್ಕದ ನಾಲ್ಕು ಅಡಿಯಲ್ಲೂ ಸಡಿಲ ಮಾಡಿದೆ. ಬಾಡಿಯ ಪಕ್ಕೆಲುಬಿನಂಥ ಕಮಾನುಗಳಿಗೆ ಅಡ್ಡ ತೊಲೆ ಕಟ್ಟಿ, ಎರಡು ಬಾಟಲ್ ಜಾಕ್ ಇಟ್ಟು ಅರ್ಧ ಇಂಚು ಮಾತ್ರ ಎತ್ತಿದೆ. ಎರಡಿಂಚು ಎತ್ತಿದ ಪಾಠ ಮರೆತಿರಲಿಲ್ಲ. ಒಂದು ಅರ್ಧ ಹಲಗೆಗೆ ಮೊದಲೇ ಕೆಳಗಡೆ ಆರಿಂಚು ಅಗಲದ ಪ್ಲೈವುಡ್ ಪಟ್ಟಿಯನ್ನು ಅಂಟು ಹಾಕಿ ಸ್ಕ್ರೂ ಮಾಡಿದೆ, ಕ್ರಾಸ್ ಮೆಂಬರ್ ಬರುವ ಕಡೆ ಮಾತ್ರ ಬಿಟ್ಟು. ಇನ್ನೊಂದು ಅರ್ಧ ಬಂದು ಅದರ ಮೇಲೆ ಕೂರುತ್ತದೆ. ಡಬ್ ಡಬ್ ಶಬ್ದ ಅಲ್ಲಿಗೆ ಮುಗಿಯಿತು.

ನಡುವಿನ ಅಂಚನ್ನು ಯಾವ ಕೋನದಲ್ಲಿ ಸೀಳಿದೆ, ಹೊರ ಅಂಚು ಜಾರಲು ಏನು ಸವರಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಶೀಟು ಹಾಳು ಮಾಡಿ ಕಲಿತಿದ್ದು ಅದು. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಮೊದಲ ಜೋಡಿ ತುಳಿದ ದಿನ ಮರೆಯಲ್ಲ. ನಾನು ನಡುವೆ ನಿಂತೆ, ಅರ್ಧ ಇಳಿದು ಕಚ್ಚಿಕೊಂಡಿತು. ನನ್ನ ಹೆಂಡತಿಯೂ ಬಂದು ಪಕ್ಕ ನಿಂತಳು. ಇಬ್ಬರೂ ಒಟ್ಟಿಗೆ ಒಂದು ಸಲ ಕಾಲು ಅಪ್ಪಳಿಸಿದೆವು. ಧಡ್ ಅಂತ ಕೂತಿತು. ಅಂಚಿಗೆ ಟಾರ್ಚ್ ಹಿಡಿದು ನೋಡಿದರೆ ಎರಡೂ ಕಡೆ ಸಮ. ನೇರ ಭಾಗದ ನಾಲ್ಕು ಶೀಟು ಮೂರು ವಾರಾಂತ್ಯದಲ್ಲಿ ಮುಗಿದವು. ಮುಂದೆ ಹಿಂದೆ ಮೂಲೆ ದುಂಡಗಿರುವ ಕಡೆ ಮಾತ್ರ ಇದು ಇದ್ದ ಹಾಗೇ ನಡೆಯುವುದಿಲ್ಲ. ಅಲ್ಲಿ ರಟ್ಟಿನಲ್ಲಿ ನಮೂನೆ ಕತ್ತರಿಸಿ, ಮೂರು ತುಂಡು ಮಾಡಿ, ನಡುವಿನ ತುಂಡನ್ನು ಕೊನೆಗೆ ಕೂರಿಸಿದೆ. ಅದಕ್ಕೇ ಐದು ವಾರ ಬೇಕಾಯಿತು.

ಅಂಚಿಗೆಲ್ಲ ಮೂರು ಕೋಟ್ ಎಪಾಕ್ಸಿ ಕೊಟ್ಟೆ. ಇದರಲ್ಲಿ ಜಿಪುಣತನ ಮಾಡಬೇಡಿ. ಚಾಸಿಸ್‌ನ ಹಿಂದಿನ ಭಾಗ, ನಾಲ್ಕು ಔಟ್‌ರಿಗರ್ (ಚಾಸಿಸ್‌ನಿಂದ ಪಕ್ಕಕ್ಕೆ ಚಾಚಿ ನೆಲದ ಅಂಚಿಗೆ ಆಸರೆ ಕೊಡುವ ತೋಳು) ಹೊಸದಾಗಿ ವೆಲ್ಡಿಂಗ್ ಮಾಡಿಸಲು 900 ಡಾಲರ್ ಆಯಿತು. ಕಬ್ಬಿಣಕ್ಕೂ ಅಲ್ಯೂಮಿನಿಯಂಗೂ ನೇರ ಸೋಂಕಿದ ಕಡೆಯೆಲ್ಲ ಗಾಡಿಯ ಅಡಿ ಮುಚ್ಚುವ ಹಳೇ ಹೊಟ್ಟೆ ತಗಡು ಬಿಳಿ ಪುಡಿಯಾಗಿತ್ತು. ಈಗ ನಡುವೆ ಟೇಪ್ ಹಾಕಿದ್ದೇನೆ. ರಬ್ಬರ್ ಆಕ್ಸಲ್‌ಗಳು ಕಲ್ಲಾಗಿದ್ದವು. ಎರಡು ಹೊಸದು, ಸಾಗಣೆ ಸೇರಿ 2,300.

ರಿವೆಟ್ ವಿಷಯಕ್ಕೆ ಬಂದರೆ ಹೆಂಡತಿಯ ಹೆಸರು ಮೊದಲು ಹೇಳಬೇಕು. ನಾನು ಹೊರಗೆ ರಿವೆಟ್ ಹೊಡೆಯುವ ಗನ್, ಅವಳು ಒಳಗೆ ಡಾಲಿ, ಅಂದರೆ ರಿವೆಟ್ಟಿನ ಹಿಂದೆ ಒತ್ತಿ ಹಿಡಿಯುವ ಕಬ್ಬಿಣದ ತುಂಡು. ಒಂದು ತಟ್ಟು ಅಂದರೆ ಇನ್ನೊಂದು ಹೊಡಿ, ಎರಡು ತಟ್ಟು ಅಂದರೆ ಸರಿ. ಮೊದಲ ನೂರರಲ್ಲಿ ಮೂವತ್ತು ಕೊರೆದು ತೆಗೆದೆವು. ಕೊನೆಗೆ "ರೀ, ಗನ್ ಸ್ವಲ್ಪ ವಾಲಿದೆ" ಅಂತ ಶಬ್ದದಲ್ಲೇ ಕಂಡುಹಿಡಿಯುತ್ತಿದ್ದಳು. ಸಾವಿರದ ಇನ್ನೂರರ ಹತ್ತಿರ ರಿವೆಟ್ ಹಾಕಿದ್ದೇವೆ.

ಸೋರಿಕೆ ಹುಡುಕಲು ಪೈಪ್ ನೀರು ನಂಬಬೇಡಿ. ನೀರು ಒಂದು ಕಡೆ ನುಗ್ಗಿ ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ನಾನು ವೆಂಟ್ ಎಲ್ಲ ಮುಚ್ಚಿ, ಒಂದು ಕಿಟಕಿಗೆ ಎಲೆ ಊದುವ ಬ್ಲೋವರ್ ಕೊಟ್ಟು ಒಳಗೆ ಗಾಳಿ ತುಂಬಿಸಿದೆ. ಹೊರಗೆ ಸೋಪು ನೀರು ಸಿಂಪಡಿಸಿದೆ. ಗುಳ್ಳೆ ಬಂದ ಕಡೆ ಸೀಲರ್. ಮೊದಲ ದಿನ 60ಕ್ಕೂ ಜಾಸ್ತಿ ಕಡೆ ಗುಳ್ಳೆ ಎದ್ದವು. ನಾಲ್ಕನೇ ಸುತ್ತಿಗೆ ಎರಡೇ ಉಳಿದಿದ್ದವು.

ಆಗ ಅಮ್ಮ ಇಲ್ಲಿಗೆ ಬಂದಿದ್ದರು. ಹೊರಗಿನ ಹಳೇ ಕ್ಲಿಯರ್ ಕೋಟ್ ಸುಲಿದು ಮಬ್ಬಾಗಿ ಕಂಡದ್ದು ನೋಡಿ "ಹುಣಸೆಹಣ್ಣು ಹಾಕಿ ಉಜ್ಜಿ ನೋಡೋ" ಅಂದರು. ಉಳಿದ ತುಂಡು ಶೀಟಿನ ಮೇಲೆ ಮಾಡಿ ನೋಡಿದೆ. ಹಿತ್ತಾಳೆಗೆ ಆಗುವ ಹಾಗೆ ಇದಕ್ಕೆ ಆಗುವುದಿಲ್ಲ, ಹುಳಿಗೆ ಇನ್ನೂ ಮಂಕಾಯಿತು. ಕೊನೆಗೆ ಸ್ಟ್ರಿಪ್ಪರ್ ಹಾಕಿ, ಕಾಂಪೌಂಡ್ ಹಾಕಿ ಮಷಿನ್‌ನಲ್ಲೇ ಉಜ್ಜಿದೆ. ಒಂದು ದೊಡ್ಡ ಶೀಟಿಗೆ ಹತ್ತು ಗಂಟೆ. ಬಾಗಿಲ ಕಡೆಯ ಒಂದು ಪಕ್ಕ ಮಾತ್ರ ಕನ್ನಡಿಯ ಹಾಗಿದೆ. ಇನ್ನೊಂದು ಪಕ್ಕ ಇನ್ನೂ ಬಾಕಿ.

ಅಮ್ಮನ ಇನ್ನೊಂದು ಆಸೆ ಮಾತ್ರ ಪೂರ್ತಿ ಆಯಿತು. ಗಾಡಿಯಲ್ಲೇ ದೋಸೆ ಹಿಟ್ಟು ರುಬ್ಬಬೇಕು. 200 ಆಂಪ್-ಅವರ್ ಲಿಥಿಯಂ ಬ್ಯಾಟರಿ, 2,000 ವಾಟ್ ಇನ್ವರ್ಟರ್ ಇದೆ. 150 ವಾಟಿನ ಪುಟ್ಟ ಗ್ರೈಂಡರ್ ಅರ್ಧ ಗಂಟೆ ತಿರುಗಿದರೆ ಏಳೆಂಟು ಆಂಪ್-ಅವರ್ ಖರ್ಚು. ಸೋಲಾರ್ ಅದನ್ನು ಬೆಳಿಗ್ಗೆ ತಿಂಡಿ ಹೊತ್ತಿಗೆ ತುಂಬುತ್ತದೆ. ಎಸಿಯನ್ನು ಮಾತ್ರ ಇದರ ಮೇಲೆ ನಂಬಿಲ್ಲ.

ಒಟ್ಟು ಖರ್ಚು 22,000 ಡಾಲರ್ ಹತ್ತಿರ, ಉಪಕರಣಗಳೂ ಹಾಳು ಮಾಡಿದ್ದೂ ಸೇರಿ. ಹಾಳು ಮಾಡಿದ್ದೇ ಒಂದೂವರೆ ಸಾವಿರ ಇರಬೇಕು. ಇದೇ ಅಳತೆಯ ಹೊಸ ಏರ್‌ಸ್ಟ್ರೀಮ್ ಒಂದು ಲಕ್ಷ ಡಾಲರ್ ದಾಟುತ್ತದೆ ಅಲ್ವಾ.

ಮೊದಲ ದೊಡ್ಡ ಓಟಕ್ಕೆ ಬೇಕಂತಲೇ ಜಾಕ್ಸನ್ ಸೆಂಟರ್‌ಗೆ ಹೋದೆ. 1952ರಿಂದ ಈ ಗಾಡಿಗಳು ಅಲ್ಲಿ ತಯಾರಾಗುತ್ತಿವೆ. ಬರುವಾಗ ವಾಪಕೊನೆಟಾದಲ್ಲಿ ನಿಂತೆವು, ನೀಲ್ ಆರ್ಮ್‌ಸ್ಟ್ರಾಂಗ್ ಹುಟ್ಟಿದ ಊರಿನ ಮ್ಯೂಸಿಯಂ ನೋಡಲು. 1969ರಲ್ಲಿ ಚಂದ್ರನಿಂದ ಬಂದವರನ್ನು ಹಡಗಿನ ಮೇಲೆ ಕೂಡಿಟ್ಟಿದ್ದು ಏರ್‌ಸ್ಟ್ರೀಮ್ ಬಾಡಿಯಿಂದ ಮಾಡಿದ ಕೋಣೆಯಲ್ಲೇ. ನನ್ನ ಮಗಳು ನಮ್ಮ ಗಾಡಿಯ ಗೋಡೆಗೆ ಕೈ ಇಟ್ಟು "ಇಂಥದ್ದರಲ್ಲೇನಾ?" ಅಂತ ಕೇಳಿದಳು. ಹೌದು ಅಂದೆ. ಎದೆ ತುಂಬಿ ಬಂತು.

ಪ್ರತಿ ಪ್ರವಾಸ ಮುಗಿದ ಮೇಲೆ ಹಿಂದಿನ ಬಂಪರ್ ಮೇಲೆ ನಿಂತು ಕುಣಿಯುತ್ತೇನೆ. ಬಂಪರ್, ಬಾಡಿ ಎರಡೂ ಒಟ್ಟಿಗೆ ಅಲುಗುತ್ತವೆ, ನಡುವೆ ಕಾಗದದ ಹಾಳೆಯೂ ಹೋಗುವುದಿಲ್ಲ. ತೇವ ನೋಡುವ ಮೀಟರನ್ನು ಹಿಂದಿನ ಮೂಲೆಗೆ ಚುಚ್ಚಿದರೆ ಶೇಕಡಾ 10ರ ಆಸುಪಾಸು ತೋರಿಸುತ್ತದೆ, ಅಂದರೆ ಒಣಗಿದೆ. ಕಾಫಿ ಕುಡಿದು ಸುಮ್ಮನೆ ಹೋಗಿದ್ದ ಗೆಳೆಯರ ಬಳಿ 1974ರ 31 ಅಡಿ ಗಾಡಿ ಇದೆ. ಮೊನ್ನೆ ಅದರ ಒಳ ತಗಡು ಬಿಚ್ಚಿದ್ದಾರೆ. ಬರುವ ಶನಿವಾರ ನಾನು, ನನ್ನ ಹೆಂಡತಿ ಇಬ್ಬರೂ ಅಲ್ಲಿಗೆ ಹೋಗುತ್ತಿದ್ದೇವೆ, ಹಲಗೆ ತುಳಿಯಲು.