ಹೆದ್ದಾರಿಯಲ್ಲೇ ಹೆಚ್ಚು ಓಡುವ ಪಿಕಪ್‌ಗೆ ಹೊಸ ಟೈರು ಆರಿಸುವ ಬಗೆ

ಪುಣೆಯ ಮಾರ್ಕೆಟ್ ಯಾರ್ಡ್‌ನಿಂದ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿ, ಹುಬ್ಬಳ್ಳಿಯ ಕಡೆಗೋ, ಎಕ್ಸ್‌ಪ್ರೆಸ್‌ವೇ ಹಿಡಿದು ವಾಶಿಯ ಕಡೆಗೋ ಮಾಲು ಸಾಗಿಸುವ ನಮ್ಮವರ ಪಿಕಪ್‌ಗಳು ವರ್ಷದ ಬಹುಪಾಲು ಓಡುವುದು ಡಾಂಬರು, ಕಾಂಕ್ರೀಟಿನ ಹೆದ್ದಾರಿಯಲ್ಲೇ. ಆದರೂ ಟೈರು ಬದಲಿಸುವ ಹೊತ್ತಿಗೆ ಅನೇಕರು ಕೇಳುವುದು ದಪ್ಪ ರಬ್ಬರಿನ ತುಂಡುಗಳು ಎದ್ದುನಿಂತಿರುವ, ಕೆಸರಿಗೆ ಹೊಂದುವ ಲಗ್ ಟೈರನ್ನು. ನೋಟಕ್ಕೆ ಅದು ಗಟ್ಟಿಯಾಗಿ ಕಾಣುತ್ತದೆ. ಹೆದ್ದಾರಿಗೆ ಬೇಕಾದ ಗಟ್ಟಿತನವೇ ಬೇರೆ. ತುಂಬಿದ ಲೋಡಿನಲ್ಲಿ ಗಂಟೆಗಟ್ಟಲೆ ಓಡಿದರೂ ಟೈರು ಅತಿಯಾಗಿ ಕಾಯಬಾರದು, ಮಳೆಯಲ್ಲಿ ಖಾಲಿ ಗಾಡಿಯನ್ನೂ ಹಿಡಿದು ನಿಲ್ಲಿಸಬೇಕು. ಆಯ್ಕೆ ಈ ಎರಡನ್ನು ನೋಡಿಯೇ ಆಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಂಗಡಿಗೆ ಹೋಗುವ ಮೊದಲು ಹಳೆಯ ಟೈರುಗಳನ್ನು ಒಂದೊಂದಾಗಿ ನೋಡಿ. ಗಾಡಿಯ ದೋಷವೇನೆಂಬುದು ಅವುಗಳ ಸವಕಳಿಯಲ್ಲೇ ಗೊತ್ತಾಗುತ್ತದೆ, ಮತ್ತು ಆ ದೋಷವನ್ನು ಸರಿಪಡಿಸದೆ ಹಾಕಿದ ಹೊಸ ಟೈರೂ ಹಾಗೆಯೇ ಸವೆಯುತ್ತದೆ. ಎರಡೂ ಅಂಚುಗಳು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆಯಿತ್ತು ಎಂದರ್ಥ. ನಡುಭಾಗವಷ್ಟೇ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಹೋಗುವಾಗ ತುಂಬಿಕೊಂಡು, ಬರುವಾಗ ಅದೇ ಗಾಳಿಯಲ್ಲಿ ಖಾಲಿ ಮರಳುವ ಗಾಡಿಗಳ ಹಿಂದಿನ ಚಕ್ರಗಳಲ್ಲಿ ಇದನ್ನು ಕಾಣಬಹುದು. ಒಂದೇ ಅಂಚು ಸವೆದಿದ್ದರೆ ಚಕ್ರಗಳ ದಿಕ್ಕಿನ ಹೊಂದಾಣಿಕೆ, ಅಂದರೆ ಅಲೈನ್‌ಮೆಂಟ್ ತಪ್ಪಿದೆ. ಅಲೈನ್‌ಮೆಂಟ್‌ನ ಇನ್ನೊಂದು ದೋಷ ಕಣ್ಣಿಗಿಂತ ಕೈಗೆ ಬೇಗ ತಿಳಿಯುತ್ತದೆ. ತಂತಿ ಹೊರಬಂದಿಲ್ಲವೆಂದು ಖಚಿತಪಡಿಸಿಕೊಂಡು, ಮುಂದಿನ ಟೈರಿನ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೂ ಒಳಗಿನಿಂದ ಹೊರಕ್ಕೂ ಅಡ್ಡಲಾಗಿ ಮೆಲ್ಲಗೆ ಸವರಿ. ಒಂದು ಕಡೆಗೆ ಕೈ ನುಣುಪಾಗಿ ಜಾರಿ, ಮರಳುವಾಗ ರಬ್ಬರಿನ ಅಂಚುಗಳು ಗರಗಸದ ಹಲ್ಲಿನಂತೆ ತಡೆದರೆ, ಎರಡು ಚಕ್ರಗಳು ನೇರವಾಗಿ ಮುಂದಕ್ಕೆ ನೋಡದೆ ಒಳಕ್ಕೋ ಹೊರಕ್ಕೋ ತಿರುಗಿಕೊಂಡಿವೆ. ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್‌ ಮತ್ತು ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮನಾಗಿಸುವುದು) ಎರಡನ್ನೂ ನೋಡಿಸಬೇಕು.

ಬದಲಿಸುವ ಕಾಲ ಯಾವುದು? ಟೈರಿನ ಗೀರುಗಳ ತಳದಲ್ಲಿ ಅಡ್ಡಲಾಗಿ 1.6 ಮಿಲಿಮೀಟರ್ ಎತ್ತರದ ಸಣ್ಣ ರಬ್ಬರಿನ ದಿಂಡುಗಳಿರುತ್ತವೆ. ಮೇಲ್ಮೈ ಸವೆದು ಅವುಗಳ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿದಂತೆ. ಆದರೆ ನಮ್ಮ ಭಾಗದ ಮಳೆಗೆ ಅಲ್ಲಿಯವರೆಗೆ ಕಾಯುವುದು ಸರಿಯಲ್ಲ. ಮೇ ತಿಂಗಳಲ್ಲೇ ಆಳ ಅಳೆಸಿ, 3 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಜೂನ್ ಬರುವ ಮೊದಲೇ ಬದಲಿಸಿ. ಪಕ್ಕದ ಗೋಡೆಯಲ್ಲಿ ಉಬ್ಬು ಕಂಡರೆ ಆಳ ಎಷ್ಟೇ ಉಳಿದಿದ್ದರೂ ಆ ಟೈರನ್ನು ತೆಗೆಸಲೇಬೇಕು.

ಇನ್ನು ಅಳತೆ. ಬಾಗಿಲಿನ ಚೌಕಟ್ಟಿನ ಸ್ಟಿಕರಿನಲ್ಲಿ ಅಥವಾ ಗಾಡಿಯ ಕೈಪಿಡಿಯಲ್ಲಿ ಇರುವ ಅಳತೆಯನ್ನೇ ಕೊಳ್ಳಿ. ಉದಾಹರಣೆಗೆ 215/75 ಆರ್ 15 ಎಂದಿದ್ದರೆ ಅಗಲ 215 ಮಿಲಿಮೀಟರ್, ಗೋಡೆಯ ಎತ್ತರ ಅಗಲದ ಶೇಕಡಾ 75, ಆರ್ ಎಂದರೆ ರೇಡಿಯಲ್ (ಒಳಗಿನ ನಾರುಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಹಾದ ಬಗೆ), ರಿಮ್ಮಿನ ವ್ಯಾಸ 15 ಇಂಚು. ಇದರ ಬದಲು 235/75 ಹಾಕಿಸಿದರೆ ಚಕ್ರದ ಒಟ್ಟು ವ್ಯಾಸ ಶೇಕಡಾ 4ಕ್ಕಿಂತ ಹೆಚ್ಚಾಗುತ್ತದೆ. ಆಗ ಮೀಟರು 80 ತೋರಿಸುವಾಗ ಗಾಡಿ ಮೊದಲಿಗಿಂತ ಸುಮಾರು 3 ಕಿಲೋಮೀಟರ್ ಹೆಚ್ಚು ವೇಗದಲ್ಲಿರುತ್ತದೆ, ಘಾಟಿ ಹತ್ತುವಾಗ ಎಂಜಿನ್ನಿಗೆ ಹೊರೆಯೂ ಹೆಚ್ಚುತ್ತದೆ.

ಅಳತೆಗಿಂತ ಹೆಚ್ಚು ಎಚ್ಚರ ಬೇಕಾದದ್ದು ಅದರ ಪಕ್ಕದಲ್ಲಿರುವ ಲೋಡ್ ಇಂಡೆಕ್ಸ್, ಅಂದರೆ ಟೈರು ಹೊರಬಲ್ಲ ಭಾರವನ್ನು ಸೂಚಿಸುವ ಸಂಖ್ಯೆಯ ವಿಷಯದಲ್ಲಿ. ಒಂದೇ ಅಳತೆಯಲ್ಲಿ ಕಾರಿನ ಟೈರೂ ಸಿಗುತ್ತದೆ, ಸರಕು ಗಾಡಿಯ ಟೈರೂ ಸಿಗುತ್ತದೆ. ಎರಡೂ ರಿಮ್ಮಿಗೆ ಸರಿಯಾಗಿ ಕೂರುತ್ತವೆ, ಹೊರುವ ಭಾರ ಮಾತ್ರ ಬೇರೆ. ಇಂಡೆಕ್ಸ್ 100 ಇರುವ ಟೈರು ಹೊರುವುದು 800 ಕಿಲೋ, 104 ಇದ್ದರೆ 900, 108 ಇದ್ದರೆ 1,000, 112 ಇದ್ದರೆ 1,120 ಕಿಲೋ. ಮಾಲು ತುಂಬಿದಾಗ ಹಿಂದಿನ ಆಕ್ಸಲ್ ಮೇಲೆ 2,000 ಕಿಲೋ ಬೀಳುವ ಗಾಡಿಯಾದರೆ ಒಂದೊಂದು ಟೈರಿಗೆ 1,000 ಕಿಲೋ ಬಂತು. ಅಲ್ಲಿ 108ಕ್ಕಿಂತ ಕಡಿಮೆಯದನ್ನು ಹಾಕುವಂತಿಲ್ಲ. ಅಗ್ಗಕ್ಕೆ ಸಿಗುತ್ತದೆಂದು 100ರ ಕಾರಿನ ಟೈರು ಹಾಕಿಸಿಕೊಂಡರೆ ಅದರ ಗೋಡೆ ಪ್ರತಿ ಸುತ್ತಿನಲ್ಲೂ ಮಿತಿಮೀರಿ ಬಾಗಿ, ಒಳಗೊಳಗೇ ಕಾದು, ಏಪ್ರಿಲ್ ತಿಂಗಳ ಮಧ್ಯಾಹ್ನ ಒಡೆಯುವ ಅಪಾಯ ನಿಜವಾದದ್ದು. ಇಂಡೆಕ್ಸ್ 106/104 ಎಂದು ಜೋಡಿಯಾಗಿದ್ದರೆ ಮೊದಲನೆಯದು ಒಂಟಿ ಚಕ್ರಕ್ಕೆ, ಎರಡನೆಯದು ಒಂದೇ ಬದಿಯಲ್ಲಿ ಎರಡು ಟೈರಿರುವ ಜೋಡಿ ಚಕ್ರಕ್ಕೆ. ಕೊನೆಯ ಅಕ್ಷರ ಟೈರು ತಾಳುವ ಗರಿಷ್ಠ ವೇಗದ್ದು. 2018ರ ಕೇಂದ್ರದ ಅಧಿಸೂಚನೆಯಂತೆ ಸರಕು ವಾಹನಗಳಿಗೆ ಎಕ್ಸ್‌ಪ್ರೆಸ್‌ವೇಯಲ್ಲೂ ಗಂಟೆಗೆ 80 ಕಿಲೋಮೀಟರೇ ಗರಿಷ್ಠ ಮಿತಿ. ಆದ್ದರಿಂದ ಕೈಪಿಡಿ ಹೇಳಿದ ಅಕ್ಷರಕ್ಕಿಂತ ಮೇಲಿನದಕ್ಕೆ ಹೆಚ್ಚು ಹಣ ಕೊಡಬೇಕಾಗಿಲ್ಲ.

ಮೇಲ್ಮೈಯ ವಿನ್ಯಾಸದಲ್ಲಿ ನಾನು ಹೇಳುವುದು ರಿಬ್ (ಉದ್ದಕ್ಕೆ ಸಾಗುವ ರಬ್ಬರಿನ ಪಟ್ಟಿ) ಇರುವ ಹೆದ್ದಾರಿ ಟೈರನ್ನೇ. ಸುತ್ತಲೂ ಉದ್ದಕ್ಕೆ ಹರಿಯುವ ಮೂರು ನಾಲ್ಕು ಗೀರುಗಳು ನೀರನ್ನು ಹೊರಹಾಕುತ್ತವೆ, ರಿಬ್ಬಿನ ಮೇಲಿನ ಸಣ್ಣ ಸೀಳುಗಳು ಒದ್ದೆ ರಸ್ತೆಯನ್ನು ಹಿಡಿಯುತ್ತವೆ. ಲಗ್ ಟೈರಿನ ಎತ್ತರದ ರಬ್ಬರಿನ ತುಂಡುಗಳು ವೇಗದಲ್ಲಿ ಅಲುಗಾಡಿ ಕಾಯುತ್ತವೆ, ಶಬ್ದ ಮಾಡುತ್ತವೆ, ಡೀಸೆಲ್ ಹೆಚ್ಚು ಕುಡಿಸುತ್ತವೆ. ಇಲ್ಲಿ ಖಾಲಿ ಗಾಡಿಯ ಮಾತನ್ನು ಒತ್ತಿ ಹೇಳಬೇಕಾಗಿದೆ. ಲೋಡು ಇದ್ದಾಗಲೇ ಅಪಾಯ ಎಂದು ಬಹಳ ಜನ ನಂಬಿದ್ದಾರೆ; ಆದರೆ ಮಾಲು ಇಳಿಸಿ ಬರುವ ಪಿಕಪ್‌ನ ಹಿಂಭಾಗ ತೀರ ಹಗುರವಾಗಿರುವುದರಿಂದ, ಖಂಬಾಟ್ಕಿ ಘಾಟಿಯಲ್ಲೋ ಕಾತ್ರಜದ ಹೊಸ ಸುರಂಗ ದಾಟಿ ನವಲೆ ಸೇತುವೆಯ ಕಡೆಗಿನ ಇಳಿಜಾರಿನಲ್ಲೋ ಮಳೆಯಲ್ಲಿ ಬ್ರೇಕ್ ಒತ್ತಿದಾಗ ಮೊದಲು ಜಾರುವುದು ಹಿಂದಿನ ಚಕ್ರಗಳೇ. ವಾರಕ್ಕೊಮ್ಮೆಯಾದರೂ ಕಬ್ಬಿನ ಗದ್ದೆಗೋ ಕಲ್ಲಿನ ಕ್ವಾರಿಗೋ ಇಳಿಯುವ ಗಾಡಿಗೆ ಮಾತ್ರ ಸೆಮಿ ಲಗ್ (ರಿಬ್ಬೂ ಲಗ್ಗೂ ಬೆರೆತ ಟೈರು) ಸರಿ. ಓರೆಯಾಗಿ ನಾರು ಹಾಸಿದ ನೈಲಾನ್ ಟೈರಿಗಿಂತ ರೇಡಿಯಲ್ ಕಡಿಮೆ ಕಾಯುತ್ತದೆ. ಒಂದೇ ಆಕ್ಸಲ್ಲಿನಲ್ಲಿ ಎರಡನ್ನೂ ಬೆರೆಸಬಾರದು.

ಟೈರು ಕೈಗೆ ಬಂದ ಮೇಲೆ ಗೋಡೆಯ ಮೇಲೆ ಐಎಸ್‌ಐ ಗುರುತನ್ನೂ ತಯಾರಿಕೆಯ ವಾರವನ್ನೂ ನೋಡಿ. ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ. 2324 ಎಂದರೆ 2024ರ 23ನೇ ವಾರ. ಒಂದು ವರ್ಷಕ್ಕಿಂತ ಹಳೆಯದಾಗಿದ್ದರೆ ಬೇರೆ ಕೇಳಿ, ಕೇಳಲು ಸಂಕೋಚ ಬೇಡ. ಟೈರಿನ ಕ್ರಮಸಂಖ್ಯೆ ಬರೆದ ಪಕ್ಕಾ ಬಿಲ್ಲು ಇಲ್ಲದೆ ವಾರಂಟಿ ಕೇಳುವುದು ಕಷ್ಟ.

ಎರಡೇ ಟೈರಿಗೆ ಹಣ ಹೊಂದುವುದಾದರೆ ಒಂದೇ ಆಕ್ಸಲ್ಲಿಗೆ ಒಂದೇ ಮಾದರಿಯ ಜೋಡಿಯನ್ನು ಕೊಂಡು ಹಿಂದಕ್ಕೆ ಹಾಕಿಸಿ. ಮುಂದಿನ ಚಕ್ರ ಜಾರಿದರೆ ಗಾಡಿ ನೇರಕ್ಕೆ ಹೋಗುತ್ತದೆ, ವೇಗ ತಗ್ಗಿಸಿ ಸರಿಪಡಿಸಲು ಸಾಧ್ಯ. ಹಿಂದಿನದು ಜಾರಿದರೆ ಗಾಡಿಯೇ ತಿರುಗಿಬಿಡುತ್ತದೆ. ಮುಂದೆ ಉಳಿಯುವ ಹಳೆಯ ಜೋಡಿಯೂ ಮೇಲೆ ಹೇಳಿದ 3 ಮಿಲಿಮೀಟರ್ ಆಳ ಉಳಿಸಿಕೊಂಡಿರಬೇಕು. ರಿಸೋಲ್ ಮಾಡಿದ (ಸವೆದ ಮೇಲ್ಮೈಗೆ ಹೊಸ ರಬ್ಬರು ಹಾಕಿದ) ಟೈರನ್ನು ಮುಂದಿನ ಚಕ್ರಕ್ಕೆ ಎಂದೂ ಹಾಕಬೇಡಿ.

ಜೋಡಿಸುವಾಗ ಟ್ಯೂಬ್‌ಲೆಸ್ ಆದರೆ ಹೊಸ ವಾಲ್ವ್, ಟ್ಯೂಬಿನದಾದರೆ ಹೊಸ ಟ್ಯೂಬು ಮತ್ತು ಫ್ಲಾಪ್ (ಟ್ಯೂಬಿಗೂ ರಿಮ್ಮಿಗೂ ನಡುವಿನ ರಬ್ಬರಿನ ಪಟ್ಟಿ) ಹಾಕಿಸಿ, ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಅದೇ ದಿನ ಮುಗಿಸಿ. ಗಾಳಿಯನ್ನು ಟೈರಿನ ಗೋಡೆಯ ಮೇಲಿನ ಗರಿಷ್ಠ ಅಂಕಿ ನೋಡಿ ತುಂಬಬಾರದು; ಸ್ಟಿಕರಿನಲ್ಲಿ ಲೋಡಿಗೆ ಒಂದು, ಖಾಲಿಗೆ ಒಂದು ಅಂಕಿ ಇದ್ದರೆ ಅದರಂತೆ, ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಟೈರು ತಣ್ಣಗಿರುವಾಗ ತುಂಬಿಸಿ. ದಾರಿಯಲ್ಲಿ ಕಾದಾಗ ಒತ್ತಡ ಏರುವುದು ಸಹಜ, ಆಗ ಗಾಳಿ ಬಿಡಬೇಡಿ. ಹೊಸ ಟೈರಿನ ಮೇಲ್ಮೈ ಮೊದಲಿಗೆ ನುಣುಪಾಗಿರುವುದರಿಂದ ಮೊದಲ 200, 300 ಕಿಲೋಮೀಟರ್ ನಿಧಾನವಾಗಿ ಓಡಿಸಿ, ಸುಮಾರು 100 ಕಿಲೋಮೀಟರ್ ಆದಾಗ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ. ತೆಗೆದ ಟೈರುಗಳಲ್ಲಿ ಉಬ್ಬು, ಬಿರುಕು ಇಲ್ಲದ, ಆಳ ಉಳಿದಿರುವ ಒಂದನ್ನು ಸ್ಟೆಪ್ನಿಗೆ ಇಟ್ಟುಕೊಂಡು ಅದರ ಗಾಳಿಯನ್ನೂ ತಿಂಗಳಿಗೊಮ್ಮೆ ನೋಡಿಸುತ್ತಿರಿ.