ಧ್ರುವದ ಬಳಿಯ ಕಾಂತಕ್ಷೇತ್ರ: ನನ್ನ ಅನುಭವ

ಬದಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40,000 ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ತೀವ್ರತೆಯ ಅಳತೆಮಾನ), ಅದರ ದಿಕ್ಕು ಬಹುಮಟ್ಟಿಗೆ ನೆಲಕ್ಕೆ ಸಮಾಂತರ. ಧ್ರುವಗಳ ಬಳಿ ಅದು 60,000ದ ಆಸುಪಾಸಿಗೆ ಏರಿ ಹೆಚ್ಚುಕಡಿಮೆ ಲಂಬವಾಗುತ್ತದೆ. ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2013ರ ನವೆಂಬರ್‌ನಲ್ಲಿ ಹಾರಿಸಿದ ಮೂರು ಸ್ವಾರ್ಮ್ ಉಪಗ್ರಹಗಳ ದತ್ತಾಂಶ ಉಚಿತವಾಗಿ ದೊರೆಯುವುದರಿಂದ, ಆ ಕ್ಷೇತ್ರದ ಮಾದರಿಯನ್ನು ಈ ಚಾವಡಿಯಲ್ಲೇ ಕುಳಿತು ಕಟ್ಟಲು ಹೊರಟೆ.

ಮೊದಲ ಸಲ ಸದಿಶ (ತೀವ್ರತೆಯ ಜೊತೆಗೆ ದಿಕ್ಕನ್ನೂ ಹೇಳುವ) ಅಳತೆಗಳೆಲ್ಲವನ್ನೂ ಸೇರಿಸಿದೆ. ಕ್ಷೇತ್ರವನ್ನು ಬೇರೆಬೇರೆ ಉದ್ದದ ಅಲೆಗಳ ಮೊತ್ತವೆಂದು ಬರೆದು (ಡಿಗ್ರಿ ಏರಿದಷ್ಟೂ ಅಲೆ ಗಿಡ್ಡ), 13ನೆಯ ಡಿಗ್ರಿಯವರೆಗಿನ 195 ಗುಣಾಂಕಗಳನ್ನು ಕನಿಷ್ಠ ವರ್ಗ ವಿಧಾನದಿಂದ, ಅಂದರೆ ವ್ಯತ್ಯಾಸಗಳ ವರ್ಗಗಳ ಮೊತ್ತ ಆದಷ್ಟು ಕಡಿಮೆಯಾಗುವಂತೆ, ಕಂಡುಹಿಡಿದೆ. ತಗ್ಗಿನ ಅಕ್ಷಾಂಶಗಳಲ್ಲಿ ಮಾದರಿಗೂ ಅಳತೆಗೂ ಹತ್ತಾರು ನ್ಯಾನೋಟೆಸ್ಲಾ ವ್ಯತ್ಯಾಸವಿದ್ದರೆ, ಧ್ರುವದ ಕಡೆ ನೂರಾರು. ಮಳೆಗಾಲದ ಎರಡು ವಾರ, ಕರೆಂಟು ಇದ್ದಷ್ಟು ಹೊತ್ತು, ಕೋಡಿನಲ್ಲಿ ತಪ್ಪು ಹುಡುಕಿದೆ. ತಪ್ಪು ಅಲ್ಲಿರಲಿಲ್ಲ. ಧ್ರುವಪ್ರಭೆಯ ವಲಯದ ವಿದ್ಯುತ್ ಪ್ರವಾಹಗಳು ಸುಮಾರು 110 ಕಿ.ಮೀ. ಎತ್ತರದಲ್ಲಿ, ಅಂದರೆ 450ರಿಂದ 500 ಕಿ.ಮೀ. ಎತ್ತರದ ಉಪಗ್ರಹಗಳಿಗಿಂತ ಕೆಳಗೆ ಹರಿಯುವುದರಿಂದ, ಮಾದರಿ ಅವನ್ನೂ ಭೂಗರ್ಭದ ಲೆಕ್ಕಕ್ಕೇ ಸೇರಿಸಿತ್ತು. ಇನ್ನು, ಕ್ಷೇತ್ರರೇಖೆಗಳ ಗುಂಟ ಇಳಿಯುವ ಪ್ರವಾಹಗಳ ನಡುವೆಯೇ ಉಪಗ್ರಹ ಹಾಯುತ್ತದೆ. ಅಲ್ಲಿ ಕ್ಷೇತ್ರವನ್ನು ವಿಭವದಿಂದ (ಯಾವುದರ ಇಳಿಜಾರು ಕ್ಷೇತ್ರವನ್ನು ಕೊಡುತ್ತದೋ ಆ ಪರಿಮಾಣದಿಂದ) ಪಡೆಯಬಹುದೆಂಬ ಮಾದರಿಯ ಮೂಲ ಊಹೆಯೇ ಸಲ್ಲುವುದಿಲ್ಲ.

ದಾರಿ ತೋರಿದ್ದು ಇಲ್ಲಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯ. ರೇಖೆಯ ಗುಂಟ ಹರಿಯುವ ಪ್ರವಾಹ ಉಂಟುಮಾಡುವ ಕದಲಿಕೆ ಮುಖ್ಯ ಕ್ಷೇತ್ರಕ್ಕೆ ಅಡ್ಡಲಾಗಿರುತ್ತದೆ. 60,000ಕ್ಕೆ ಅಡ್ಡಲಾಗಿ 300 ಸೇರಿದರೂ ಒಟ್ಟು ತೀವ್ರತೆ ಒಂದು ನ್ಯಾನೋಟೆಸ್ಲಾದಷ್ಟೂ ಹೆಚ್ಚುವುದಿಲ್ಲ. ಆದ್ದರಿಂದ 55 ಡಿಗ್ರಿ ಕಾಂತೀಯ ಅಕ್ಷಾಂಶದಿಂದಾಚೆ (ಇದನ್ನು ಎಣಿಸುವುದು ಭೂಮಿಯ ಕಾಂತಕ್ಷೇತ್ರವನ್ನು ಆಧರಿಸಿ), ಧ್ರುವದ ಕಡೆ, ತೀವ್ರತೆಯನ್ನು ಮಾತ್ರ ಬಳಸಿದೆ. ಬರಿಯ ತೀವ್ರತೆಯಿಂದ ದಿಕ್ಕು ಖಚಿತವಾಗದ ಕಾರಣ, ಅದಕ್ಕಿಂತ ತಗ್ಗಿನ ಅಕ್ಷಾಂಶಗಳಲ್ಲಿ ಸದಿಶ ಅಳತೆಗಳನ್ನು ಉಳಿಸಿಕೊಂಡೆ. ತೀವ್ರತೆಯನ್ನೂ ಕೆಡಿಸುವ 110 ಕಿ.ಮೀ. ಎತ್ತರದ ಪ್ರವಾಹಗಳ ಪ್ರಭಾವ ಕಡಿಮೆಯಾಗಲೆಂದು, ಕೆಪಿ ಸೂಚ್ಯಂಕ (ಭೂಕಾಂತಕ್ಷೇತ್ರ ಎಷ್ಟು ಕಲಕಿದೆ ಎಂಬುದರ ಅಳತೆ) 2ನ್ನು ಮೀರದ, ಸೂರ್ಯ ದಿಗಂತದಿಂದ 10 ಡಿಗ್ರಿಯಾದರೂ ಕೆಳಗಿದ್ದ ಹೊತ್ತಿನ ಅಳತೆಗಳನ್ನಷ್ಟೇ ಆರಿಸಿದೆ.

ಈ ಆಯ್ಕೆಗೆ ಬೆಲೆಯುಂಟು. ಧ್ರುವದಲ್ಲಿ ಕತ್ತಲು ಚಳಿಗಾಲದಲ್ಲಿ ಮಾತ್ರವಾದ್ದರಿಂದ ಒಂದು ವರ್ಷದ ದತ್ತಾಂಶ ಸಾಲದಾಯಿತು. ಮೂರು ವರ್ಷದ್ದನ್ನು ತೆಗೆದುಕೊಂಡೆ. ಕಕ್ಷೆಗಳು ನೇರ ಧ್ರುವದ ಮೇಲೆ ಹಾಯದೆ ಉಳಿಸುವ ಸುಮಾರು 500 ಕಿ.ಮೀ. ಅಗಲದ ಖಾಲಿ ಜಾಗಕ್ಕೆ ಹೆದರಿದ್ದೆ. ಆದರೆ 13ನೆಯ ಡಿಗ್ರಿಯ ಅಲೆಯೇ ಸುಮಾರು 3,000 ಕಿ.ಮೀ. ಉದ್ದ, ಅದರಿಂದ ತೊಂದರೆಯಾಗಲಿಲ್ಲ. ತೊಂದರೆ ಕೊಟ್ಟದ್ದು ಆ ಜಾಗದ ಸುತ್ತ ಕಿಕ್ಕಿರಿಯುವ ಪಥಗಳು. ಸಮ ವಿಸ್ತೀರ್ಣಕ್ಕೆ ಸಮ ತೂಕ ಬರುವಂತೆ ಮಾಡಿದ ಮೇಲೆ ಧ್ರುವದ ವ್ಯತ್ಯಾಸ ಹತ್ತು ಹದಿನೈದು ನ್ಯಾನೋಟೆಸ್ಲಾಕ್ಕೆ ಇಳಿಯಿತು.